ಗೊಟ್ಟಾರ್ಡ್ ಅಂಚೆ ಸಾರೋಟು ಬೆಟ್ಟ ಹತ್ತುತ್ತಿಲ್ಲ, ಇಳಿಯುತ್ತಿದೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಿಂದಿನ ಕಾಲದ ಪ್ರಯಾಣದ ಬಗ್ಗೆ ಬಂದ ಲೇಖನದ ಜೊತೆ ಒಂದು ವರ್ಣಚಿತ್ರ ಅಚ್ಚಾಗಿದೆ. ಕುದುರೆಗಳು ಧೂಳೆಬ್ಬಿಸಿಕೊಂಡು ನೇರ ನಮ್ಮ ಮೈಮೇಲೆ ಬರುವಂತಿರುವ ಚಿತ್ರ ಅದು. ಅಡಿಬರಹದಲ್ಲಿ ‘ಆಲ್ಪ್ಸ್ ಪರ್ವತ ಏರುತ್ತಿರುವ ಸಾರೋಟು’ ಎಂದಿದೆ. ಬರೆದವನ ಹೆಸರಿಲ್ಲ, ಇಸವಿಯಿಲ್ಲ. ಪುಟದ ಅಗಲಕ್ಕೆ ಕೂರಿಸಲು ಮೇಲೂ ಕೆಳಗೂ ಕತ್ತರಿಸಿರುವುದರಿಂದ, ಆ ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ಪ್ರಾಣ ಉಳಿಸಿಕೊಳ್ಳಲು ಓಡುತ್ತಿರುವ ಕರು ಕಾಣೆಯಾಗಿದೆ. ಮೈಸೂರಿನಲ್ಲಿ ಚಿತ್ರಕಲೆ ಕಲಿಯುವ ಮಕ್ಕಳು ಇಂಥ ಪುಟಗಳನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ತಪ್ಪು ಹಾಗೇ ಉಳಿಯಬಾರದೆಂದು ಈ ತಿದ್ದುಪಡಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಚಿತ್ರದ ಹೆಸರು ‘ಗೊಟ್ಟಾರ್ಡ್ ಅಂಚೆ’. ಬರೆದವನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ರುಡಾಲ್ಫ್ ಕೊಲ್ಲರ್ (1828–1905). ಇಸವಿ 1873. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಎತ್ತರ 117 ಸೆಂ.ಮೀ., ಅಗಲ 100 ಸೆಂ.ಮೀ. ಮೂಲ ಕೃತಿ ಜ್ಯೂರಿಕ್‌ನ ಕುನ್ಸ್ಟ್‌ಹೌಸ್ ಕಲಾ ಸಂಗ್ರಹಾಲಯದಲ್ಲಿದೆ. ಮರುವರ್ಷ ಕೊಲ್ಲರ್ ಇದೇ ವಸ್ತುವಿನ ಇನ್ನೊಂದು ಚಿತ್ರವನ್ನೂ ಬರೆದ. ಹಾಗಾಗಿ ಅಡಿಬರಹದಲ್ಲಿ ಇಸವಿ ಹಾಕುವುದು ಬರೀ ಶಿಷ್ಟಾಚಾರದ ಮಾತಲ್ಲ, ಯಾವ ಚಿತ್ರ ಎಂದು ಓದುಗರಿಗೆ ತಿಳಿಯುವುದೇ ಅದರಿಂದ.

ಈಗ ಏರೋ ಇಳಿಜಾರೋ ಎಂಬ ಪ್ರಶ್ನೆಗೆ ಬರೋಣ. ಸ್ವಿಟ್ಜರ್ಲೆಂಡಿನಲ್ಲಿ ಆಲ್ಪ್ಸ್ ದಾಟುವ ಗೊಟ್ಟಾರ್ಡ್ ಕಣಿವೆದಾರಿಯ ನೆತ್ತಿ ಸಮುದ್ರಮಟ್ಟದಿಂದ 2,106 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಐರೋಲೋ ಊರಿನ ಕಡೆ ಇಳಿಯುವ ಹಾದಿಗೆ ಟ್ರೆಮೋಲಾ ಎನ್ನುತ್ತಾರೆ. ಅದರ ಕಡಿದಾದ ಭಾಗದಲ್ಲಿ 24 ತಿರುವುಗಳಿವೆ. ಸುಮಾರು 4 ಕಿ.ಮೀ. ದಾರಿಯಲ್ಲಿ ಸುಮಾರು 300 ಮೀಟರ್ ಇಳಿಯಬೇಕು. ನಮ್ಮ ಚಾಮುಂಡಿ ಬೆಟ್ಟದ ತುದಿಯೂ ಮೈಸೂರು ನಗರದ ನೆಲಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಬೆಟ್ಟದ ಮೇಲಿನಿಂದ ಊರಿನ ದೀಪ ನೋಡಿದವರಿಗೆ ಆ ಇಳಿತ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲರ್‌ನ ಸಾರೋಟು ಈ ಹಾದಿಯಲ್ಲಿ ಕೆಳಗೆ ಬರುತ್ತಿದೆ. ಗಾಡಿ ಹಿಂದೆ ಎತ್ತರದಲ್ಲಿದೆ, ಕುದುರೆಗಳು ಅದರ ಮುಂದೆ ತಗ್ಗಿಗೆ ನುಗ್ಗುತ್ತಿವೆ, ದನಗಳ ಹಿಂಡು ಚೆದುರಿ ಧೂಳಿನಲ್ಲಿ ಹಿಂದುಳಿದಿದೆ.

ಏರುವ ಕುದುರೆಗೂ ಇಳಿಯುವ ಕುದುರೆಗೂ ಮೈಕಟ್ಟಿನಲ್ಲೇ ವ್ಯತ್ಯಾಸ ಇರುತ್ತದೆ. ಏರು ಎಳೆಯುವ ಕುದುರೆ ತಲೆ ತಗ್ಗಿಸಿ ಕೊರಳಪಟ್ಟಿಗೆ ಮೈಭಾರ ಕೊಡುತ್ತದೆ. ಎದುರಿನಿಂದ ನೋಡಿದರೆ ಅದರ ಹಿಂಭಾಗ ಹೆಗಲ ಹಿಂದೆ ಮರೆಯಾಗುತ್ತದೆ, ಎಳೆಪಟ್ಟಿಗಳು ತಂತಿಯಂತೆ ಬಿಗಿದಿರುತ್ತವೆ. ಇಳಿಯುವ ಕುದುರೆ ತಲೆ ಎತ್ತುತ್ತದೆ, ಲಗಾಮು ಬಾಯಿಗೆ ತಾಗುತ್ತಲೇ ಇರುತ್ತದೆ, ಬೆನ್ನಿನ ಹಿಂಭಾಗ ಹೆಗಲಿಗಿಂತ ಮೇಲೆ ಇಣುಕುತ್ತದೆ. ಚಿತ್ರ ನೋಡುವವರು ಭೂದೃಶ್ಯಕ್ಕೆ ಕಣ್ಣು ಹಾಯಿಸುವ ಮೊದಲು ಇಷ್ಟನ್ನು ನೋಡಿದರೆ ಸಾಕು, ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ.

ಬೆಟ್ಟದ ಪ್ರಯಾಣದಲ್ಲಿ ಏರು ನಿಧಾನ, ಇಳಿಜಾರು ಅಪಾಯ. ಇದು ಲೆಕ್ಕದಿಂದಲೇ ತಿಳಿಯುತ್ತದೆ. ಜನ, ಸಾಮಾನು, ಅಂಚೆಚೀಲ ಎಲ್ಲ ಸೇರಿ ಸಾರೋಟು ಎರಡು ಟನ್ ಎಂದು ಹಿಡಿಯೋಣ. 4 ಕಿ.ಮೀ.ಗೆ 300 ಮೀಟರ್ ಅಂದರೆ ನೂರಕ್ಕೆ ಏಳೂವರೆಯ ಇಳಿಜಾರು. ಗಾಡಿ ತನ್ನ ತೂಕದಿಂದಲೇ 150 ಕೆ.ಜಿ.ಯಷ್ಟು ಬಲದಲ್ಲಿ ಕುದುರೆಗಳನ್ನು ಮುಂದಕ್ಕೆ ನೂಕುತ್ತದೆ. ಜಲ್ಲಿ ರಸ್ತೆಯಲ್ಲಿ ಗಾಲಿ ಉರುಳುವಾಗಿನ ತಡೆ ಅದರಲ್ಲಿ ಸುಮಾರು 50 ಕೆ.ಜಿ. ತಿಂದುಹಾಕುತ್ತದೆ. ಮಿಕ್ಕ 100 ಕೆ.ಜಿ.ಯನ್ನು ಬ್ರೇಕು ಅಥವಾ ಕುದುರೆ, ಯಾರಾದರೂ ತಡೆದು ಹಿಡಿಯಲೇಬೇಕು. ಅದೂ ಒಂದು ಕ್ಷಣದ ಮಾತಲ್ಲ, 4 ಕಿ.ಮೀ. ಉದ್ದಕ್ಕೂ. ಹೀಗೆ ಬ್ರೇಕಿನಲ್ಲಿ ಹುಟ್ಟುವ ಶಾಖದಿಂದ ಹನ್ನೆರಡು ಲೀಟರ್ ತಣ್ಣೀರನ್ನು ಕುದಿಸಿಬಿಡಬಹುದು.

ಆ ಕಾಲದ ಪರ್ವತ ಮಾರ್ಗದ ಸಾರೋಟುಗಳಿಗೆ ಎರಡು ಬಗೆಯ ತಡೆ ಇರುತ್ತಿತ್ತು. ಮೊದಲನೆಯದು, ಕೈಯಲ್ಲಿ ತಿರುಗಿಸುವ ಸ್ಕ್ರೂ ಬ್ರೇಕು. ಹಿಡಿ ತಿರುಗಿಸಿದಂತೆ ಮರದ ತುಂಡುಗಳು ಹಿಂಗಾಲಿಯ ಕಬ್ಬಿಣದ ಪಟ್ಟಿಗೆ ಒತ್ತಿಕೊಳ್ಳುತ್ತವೆ. ಇದರ ಒಳ್ಳೆಯ ಗುಣವೆಂದರೆ ಬೇಕಾದಷ್ಟೇ ಬಿಗಿಯಬಹುದು, ತಿರುವಿಗೆ ಮುಂಚೆ ಹೆಚ್ಚು, ತಿರುವಿನೊಳಗೆ ಕಡಿಮೆ. ಆದರೆ ತುಂಬ ಹೊತ್ತು ಬಿಗಿದಿಟ್ಟರೆ ಮರದ ಮೈ ಸುಟ್ಟು ಕರಿಕಾಗಿ ನುಣುಪಾಗುತ್ತದೆ. ನುಣುಪಾದ ಮೇಲೆ ಎಷ್ಟು ತಿರುಗಿಸಿದರೂ ಹಿಡಿತ ಸಿಗದು, ಹೊಗೆ ಮಾತ್ರ ಬರುತ್ತದೆ. ಮಳೆಯಲ್ಲಿ ಪಟ್ಟಿ ಒದ್ದೆಯಾದರೂ ಇದೇ ಪಾಡು.

ಎರಡನೆಯದು ಕಬ್ಬಿಣದ ಮೆಟ್ಟು. ದೋಣಿಯಂತೆ ಎರಡು ಅಂಚು ಮೇಲೆದ್ದ ದಪ್ಪ ಕಬ್ಬಿಣದ ತಟ್ಟೆ, ಅದಕ್ಕೊಂದು ಸರಪಣಿ. ಇಳಿಜಾರು ಶುರುವಾಗುವಲ್ಲಿ ಅದನ್ನು ಹಿಂಗಾಲಿಯ ಅಡಿಗೆ ಇಟ್ಟು, ಸರಪಣಿಯನ್ನು ಗಾಡಿಯ ಮುಂಭಾಗದ ಚೌಕಟ್ಟಿಗೆ ಕಟ್ಟುತ್ತಾರೆ. ಗಾಲಿ ಆ ಮೆಟ್ಟಿನ ಮೇಲೆ ನಿಂತುಬಿಡುತ್ತದೆ, ಉರುಳುವ ಬದಲು ರಸ್ತೆಯ ಮೇಲೆ ಎಳೆದುಕೊಂಡು ಬರುತ್ತದೆ. ಸವೆಯುವುದು ಮೆಟ್ಟು, ಗಾಲಿಯ ಪಟ್ಟಿ ಒಂದೇ ಕಡೆ ಚಪ್ಪಟೆಯಾಗದೆ ಉಳಿಯುತ್ತದೆ. ಹಿಂಗಾಲಿಗೇ ಏಕೆ ಕಟ್ಟಬೇಕೆಂದರೆ, ಮುಂಗಾಲಿ ನಿಂತರೆ ಹಿಂದಿನ ಭಾರ ಪಕ್ಕಕ್ಕೆ ಬೀಸಿ, ಮೂಕಿ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿದ ಉದ್ದನೆಯ ಮರ, ಕುದುರೆಗಳ ಪಕ್ಕೆಗೆ ಹೊಡೆಯುತ್ತದೆ. ಈ ಮೆಟ್ಟಿನ ದೋಷವೂ ದೊಡ್ಡದೇ. ಹಿಡಿದರೆ ಪೂರ್ತಿ ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಬಿಡುವ ದಾರಿಯಿಲ್ಲ. ತಿರುವಿನಲ್ಲಿ ನಿಂತ ಗಾಲಿ ಹೊರಕ್ಕೆ ಜಾರುತ್ತದೆ. ತೆಗೆಯಬೇಕಾದರೆ ಗಾಡಿ ನಿಲ್ಲಿಸಿ, ಒಂದಿಷ್ಟು ಹಿಂದಕ್ಕೆ ಸರಿಸಿ, ಗಾಲಿಯನ್ನು ಅದರ ಮೇಲಿಂದ ಇಳಿಸಬೇಕು. ಸರಪಣಿ ತುಂಡಾದರಂತೂ ಇದ್ದ ತಡೆಯೆಲ್ಲ ಒಮ್ಮೆಗೇ ಹೋಗುತ್ತದೆ.

ಗೊಟ್ಟಾರ್ಡ್ ಸಾರೋಟಿಗೆ ಐದು ಕುದುರೆ. ಮೂಕಿಯ ಎರಡು ಪಕ್ಕಕ್ಕೆ ಎರಡು, ಅವುಗಳ ಮುಂದೆ ಸಾಲಾಗಿ ಮೂರು. ಈ ಜೋಡಣೆಯನ್ನು ಅರ್ಥ ಮಾಡಿಕೊಳ್ಳದೆ ಚಿತ್ರದ ಭಯ ಅರ್ಥವಾಗದು. ಗಾಡಿಯನ್ನು ತಡೆದು ನಿಲ್ಲಿಸುವ ಶಕ್ತಿ ಇರುವುದು ಮೂಕಿಯ ಪಕ್ಕದ ಎರಡಕ್ಕೆ ಮಾತ್ರ. ಮೂಕಿಗೆ ಸೇರಿಸಿದ ಸರಪಣಿ ಮತ್ತು ಪಟ್ಟಿಗಳ ಮೂಲಕ ಅವು ಹಿಂದಕ್ಕೆ ಒರಗಿ ಭಾರ ಹಿಡಿಯುತ್ತವೆ. ಮುಂದಿನ ಮೂರು ಎಳೆಯಬಲ್ಲವೇ ಹೊರತು ತಡೆಯಲಾರವು. ಅವುಗಳಿಗೂ ಗಾಡಿಗೂ ಇರುವ ನಂಟು ಎಳೆಪಟ್ಟಿಯೊಂದೇ. ಇಳಿಜಾರಿನಲ್ಲಿ ಅವು ಎಳೆಯತೊಡಗಿದರೆ ವೇಗ ಹೆಚ್ಚುತ್ತದೆ, ತೀರಾ ಹಿಂದುಳಿದರೆ ಸಡಿಲವಾದ ಪಟ್ಟಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಪಟ್ಟಿ ಜೋತುಬೀಳಬಾರದು, ಬಿಗಿಯಲೂ ಬಾರದು. ಐದು ಕುದುರೆಗಳ ಲಗಾಮನ್ನು ಬೆರಳುಗಳ ನಡುವೆ ಹಿಡಿದು ಈ ಅಂತರ ಕಾಯುವುದೇ ಸಾರಥಿಯ ವಿದ್ಯೆ.

ತಿರುವಿನಲ್ಲಿ ಇದು ಇನ್ನೂ ಕಷ್ಟ. ಮುಂದಿನ ಮೂರರ ಎಳೆತ ಬೀಳುವುದು ಮೂಕಿಯ ತುದಿಗೆ. ಅವು ಮೊದಲು ತಿರುಗಿ ಎಳೆದರೆ ಮೂಕಿಯ ತುದಿ ಒಳಕ್ಕೆ ಬಾಗಿ, ಗಾಡಿ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಹಿಂಗಾಲಿ ಮುಂಗಾಲಿಗಿಂತ ಒಳಗಿನ ಜಾಡಿನಲ್ಲೇ ಸಾಗುವುದರಿಂದ ಒಳಬದಿಯ ಕಲ್ಲಿಗೋ ಚರಂಡಿಗೋ ಬೀಳುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ಮುಂದಿನ ಕುದುರೆಗಳ ಎಳೆತ ತಪ್ಪಿಸಿ, ಅವನ್ನು ಅಗಲವಾಗಿ ಹೊರಗಿನಿಂದ ಬಳಸಿ ತಂದು, ಗಾಡಿಯನ್ನು ತಿರುಗಿಸುವ ಕೆಲಸವನ್ನು ಮೂಕಿಯ ಜೋಡಿಗೆ ಬಿಡಬೇಕು. ದಸರೆಯಲ್ಲಿ ಅರಮನೆ ಸುತ್ತ ಸಾರೋಟು ಓಡಿಸುವವರು ಒಂದು ಅಥವಾ ಎರಡು ಕುದುರೆಯಲ್ಲಿ, ಸಮತಟ್ಟು ರಸ್ತೆಯಲ್ಲಿ ತಿರುಗಿಸುತ್ತಾರೆ. ಅದನ್ನೇ ಗಮನವಿಟ್ಟು ನೋಡಿದರೆ, ಐದು ಕುದುರೆ, 24 ತಿರುವು, ಹಿಂದಿನಿಂದ ನೂಕುವ ಎರಡು ಟನ್ ಅಂದರೆ ಏನೆಂದು ಊಹಿಸಬಹುದು.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಕರು ಅಡ್ಡ ಬಂದಿದೆ. ಚಿತ್ರದ ಜೀವ ಇರುವುದು ಅಲ್ಲೇ. ಕರು ಪಕ್ಕಕ್ಕೆ ಏಕೆ ಸರಿಯುತ್ತಿಲ್ಲ ಎಂದು ಕೇಳುವವರಿದ್ದಾರೆ. ಮಂಡ್ಯದ ಹಳ್ಳಿದಾರಿಯಲ್ಲಿ ಹಿಂದಿನಿಂದ ಬೈಕು ಬಂದರೆ ಕರು ಬೇಲಿಯ ಕಡೆ ಹೋಗದೆ ರಸ್ತೆಯಲ್ಲೇ ಮುಂದೆ ಮುಂದೆ ಓಡುವುದನ್ನು ದನ ಸಾಕಿದವರೆಲ್ಲ ಬಲ್ಲರು. ದನಗಳ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಸುತ್ತಲೂ ಕಾಣುತ್ತದೆ, ನೇರ ಬೆನ್ನ ಹಿಂದೆ ಮಾತ್ರ ಕಾಣದು. ಕಾಣದ ಕಡೆಯಿಂದ ಸದ್ದು ಬಂದಾಗ ಎದುರಿಗೆ ತೆರೆದ ದಾರಿಯಲ್ಲಿ ಓಡುವುದೇ ಅದರ ಸ್ವಭಾವ. ಟ್ರೆಮೋಲಾದಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಹಿಂಡು ಹಿಂದುಳಿದಿದೆ, ಹಿಂಡಿಗೂ ಕರುವಿಗೂ ನಡುವೆ ಸಾರೋಟು ಬಂದುಬಿಟ್ಟಿದೆ. ಕೊಲ್ಲರ್ ಇದನ್ನು ಭಾವುಕತೆಗಾಗಿ ಸೇರಿಸಿದ ಅಲಂಕಾರ ಎಂದು ಬರೆಯುವುದು ಸರಿಯಲ್ಲ. ಪ್ರಾಣಿಗಳನ್ನು ಬಲ್ಲವನು ಮಾತ್ರ ಕರುವನ್ನು ಆ ಜಾಗದಲ್ಲಿ, ಆ ದಿಕ್ಕಿಗೆ ಓಡಿಸಬಲ್ಲ.

ಅವನು ಬಲ್ಲವನೇ ಆಗಿದ್ದ. ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿತು, ಗೆಳೆಯ ಆರ್ನಾಲ್ಡ್ ಬೋಕ್ಲಿನ್ ಜೊತೆ ಬ್ರಸೆಲ್ಸ್, ಪ್ಯಾರಿಸ್ ಸುತ್ತಿ ಬಂದ ಕೊಲ್ಲರ್, ಜ್ಯೂರಿಕ್ ಸರೋವರದ ದಡದ ತನ್ನ ಮನೆಯಲ್ಲಿ ದನಕರು ಸಾಕಿ, ಅವನ್ನೇ ನೋಡಿ ಬರೆಯುತ್ತಿದ್ದ. 1870ರ ಹೊತ್ತಿಗೆ ಅವನಿಗೆ ಕಣ್ಣಿನ ಕಾಯಿಲೆ ಶುರುವಾಗಿತ್ತು. ಈ ಚಿತ್ರ ಅದಾದ ಮೇಲಿನದು ಎಂಬುದನ್ನು ನೆನೆದರೆ ಆ ಕುದುರೆಗಳ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವನು ವಾಸ್ತವಕ್ಕಿಂತ ಮುಂದೆ ಹೋಗಿದ್ದಾನೆ, ಅದು ವೇಗ. ಸಮಯಪಟ್ಟಿಗೆ ಬದ್ಧವಾದ ಅಂಚೆ ಸಾರೋಟು ಇಳಿಜಾರಿನಲ್ಲಿ ಕುಕ್ಕುಲೋಟದಲ್ಲಿ ಬಂದೀತೇ ಹೊರತು, ತಿರುವಿನ ಹಾದಿಯಲ್ಲಿ ಹೀಗೆ ನಾಗಾಲೋಟದಲ್ಲಿ ಬರುವುದು ಕುದುರೆಗೂ ಜನಕ್ಕೂ ಆತ್ಮಹತ್ಯೆ. ಇದು ಚಿತ್ರಕಾರನ ಆಯ್ಕೆ, ಮತ್ತು ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಓಡುವ ಕುದುರೆಯ ಕಾಲು ನಿಜವಾಗಿ ಹೇಗೆ ಬೀಳುತ್ತದೆಂದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಅದನ್ನು ತೋರಿಸಿದ್ದು 1878ರಲ್ಲಿ. ಅದಕ್ಕೆ ಮುಂಚಿನವರು, ಜೆರಿಕೋನಂಥ ದೊಡ್ಡ ಕಲಾವಿದ ಸಹ 1821ರ ಎಪ್ಸಮ್ ರೇಸಿನ ಚಿತ್ರದಲ್ಲಿ, ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿ ಕುದುರೆ ಗಾಳಿಯಲ್ಲಿ ತೇಲುವಂತೆ ಬರೆದರು. ಕುದುರೆ ಹಾಗೆಂದೂ ಓಡುವುದಿಲ್ಲ. ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಕೊಲ್ಲರ್ ಕುದುರೆಗಳನ್ನು ಪಕ್ಕದಿಂದ ತೋರಿಸದೆ ಎದುರಿನಿಂದ ತಂದಿದ್ದರಿಂದ ಆ ತಪ್ಪಿನಿಂದ ಪಾರಾದ. ಎದೆ, ಮಡಚಿದ ಮಂಡಿ, ಅರಳಿದ ಮೂಗು ಕಾಣುತ್ತವೆ, ಚಾಚಿದ ಕಾಲಿನ ಉದ್ದ ಕಾಣದು.

ಲೇಖನದಲ್ಲಿ ಈ ಕಾಲವನ್ನು ‘ಅವಸರವಿಲ್ಲದ ನೆಮ್ಮದಿಯ ಪಯಣ’ ಎಂದು ಬಣ್ಣಿಸಲಾಗಿದೆ. ಅದಕ್ಕೂ ನನ್ನ ಒಪ್ಪಿಗೆಯಿಲ್ಲ. 1830ರಲ್ಲಿ ಗೊಟ್ಟಾರ್ಡ್ ಹಾದಿ ಗಾಡಿ ಓಡುವಂತಾಯಿತು. 1842ರಿಂದ ಹತ್ತು ಆಸನದ, ಐದು ಕುದುರೆಯ ಸಾರೋಟು ದಿನವೂ ಹೊರಡತೊಡಗಿತು. ಲುಸರ್ನ್ ಸರೋವರದ ದಡದ ಫ್ಲ್ಯೂಲೆನ್‌ನಿಂದ ಇಟಲಿಯ ಕೋಮೋ ಹತ್ತಿರದವರೆಗೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ಪಯಣ. ದಾರಿಯುದ್ದಕ್ಕೂ ಠಾಣೆಗಳಲ್ಲಿ ಕುದುರೆ ಬದಲಾಯಿಸಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಗಾಲಿಯ ಗಾಡಿ ಬಿಟ್ಟು ಜಾರುಬಂಡಿ ಹತ್ತಬೇಕು. ಅಂಚೆ ಎಂದರೆ ಗಡಿಯಾರಕ್ಕೆ ಕಟ್ಟಿಬಿದ್ದ ಕೆಲಸ, ಅವಸರ ಅದರ ಹುಟ್ಟುಗುಣ.

ಚಿತ್ರ ಬರೆಸಿದವರು ಯಾರೆಂದು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸ್ವಿಸ್ ಈಶಾನ್ಯ ರೈಲು ಕಂಪನಿಯವರು ತಮ್ಮ ಮುಖ್ಯಸ್ಥನಾಗಿದ್ದ ಆಲ್ಫ್ರೆಡ್ ಎಷರ್‌ಗೆ ಉಡುಗೊರೆ ಕೊಡಲು ಇದನ್ನು ಬರೆಸಿದರು. ಎಷರ್ ಆಗ ಗೊಟ್ಟಾರ್ಡ್ ರೈಲುಮಾರ್ಗದ ಮುಂದಾಳು. 1872ರಲ್ಲೇ ಬೆಟ್ಟದ ಅಡಿಯಲ್ಲಿ 15 ಕಿ.ಮೀ. ಸುರಂಗ ಕೊರೆಯುವ ಕೆಲಸ ಶುರುವಾಗಿತ್ತು. ಮೇಲೆ ಸಾರೋಟು ಓಡುತ್ತಿರುವಾಗ ಕೆಳಗೆ ಡೈನಮೈಟ್ ಸಿಡಿಯುತ್ತಿತ್ತು. ಗುತ್ತಿಗೆದಾರ ಲೂಯಿ ಫಾವ್ರ್ 1879ರಲ್ಲಿ ಸುರಂಗದೊಳಗೇ ಸತ್ತ. 1880ರಲ್ಲಿ ಎರಡು ಕಡೆಯ ಕೊರೆತ ಒಂದಾಯಿತು, 1882ರಲ್ಲಿ ರೈಲು ಓಡಿತು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ರೈಲು ಬಂದು ಮುಟ್ಟಿದ್ದೂ ಅದೇ 1882ರಲ್ಲಿ. ಸಾರೋಟನ್ನು ಮೂಲೆಗೆ ಸೇರಿಸಲಿದ್ದ ಮನುಷ್ಯನಿಗೆ ಸಾರೋಟಿನದೇ ಚಿತ್ರ ಕೊಟ್ಟರು ಎಂಬ ಸಂಗತಿ ಲೇಖನದಲ್ಲಿ ಬರಬೇಕಿತ್ತು. ಇನ್ನೊಂದು ಮಾತು: ರವಿವರ್ಮನ ಚಿತ್ರಕ್ಕೆ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಬಂದದ್ದೂ ಇದೇ 1873ರಲ್ಲಿ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಎಣ್ಣೆಬಣ್ಣದ ಚಿತ್ರಗಳ ಮುಂದೆ ನಿಲ್ಲುವ ನಮ್ಮವರಿಗೆ ಕೊಲ್ಲರ್ ದೂರದವನಲ್ಲ.

ಮುದ್ರಣದ ವಿಷಯ. ಈ ಚಿತ್ರದ ಎತ್ತರ–ಅಗಲದ ಅನುಪಾತ 1.17. ಎಂಟು ಸೆಂ.ಮೀ. ಅಗಲ ಜಾಗ ಕೊಟ್ಟರೆ 9.4 ಸೆಂ.ಮೀ. ಎತ್ತರ ಬೇಕು. ಅದನ್ನು ಟಿವಿ ಪರದೆಯ ಅಳತೆಗೆ ಅಡ್ಡಲಾಗಿ ಕತ್ತರಿಸಿದರೆ ಮೂಲದ 117 ಸೆಂ.ಮೀ. ಎತ್ತರದಲ್ಲಿ 56 ಮಾತ್ರ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಹೋಯಿತು. ಮೇಲೆ ಕತ್ತರಿಸಿದರೆ ಬೆಟ್ಟ ಹೋಗುತ್ತದೆ, ಇಳಿಜಾರು ತಿಳಿಯದು. ಕೆಳಗೆ ಕತ್ತರಿಸಿದರೆ ಕರು ಹೋಗುತ್ತದೆ, ಅಪಾಯ ತಿಳಿಯದು. ‘ಏರುತ್ತಿರುವ’ ಎಂಬ ಅಡಿಬರಹ ಹುಟ್ಟಿದ್ದೂ ಬಹುಶಃ ಹೀಗೆಯೇ. ಜೊತೆಗೆ ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿಕೊಂಡು ಚುಕ್ಕಿಗಳು ಹಿಗ್ಗುತ್ತವೆ. ಕಡತದಲ್ಲಿ ಶೇ 50 ಇದ್ದ ಛಾಯೆ ಅಚ್ಚಿನಲ್ಲಿ ಶೇ 75ರ ಹತ್ತಿರ ಬರುತ್ತದೆ. ಧೂಳಿನ ನಸುಬಣ್ಣಗಳೇ ತುಂಬಿರುವ ಈ ಚಿತ್ರ ಕೆಸರಿನಂತೆ ಕಂಡದ್ದು ಇದರಿಂದ. ಅಚ್ಚಿಗೆ ಕಳಿಸುವ ಮುಂಚೆ ನಡುಛಾಯೆಗಳನ್ನು ತಿಳಿಗೊಳಿಸಿ, ಕಪ್ಪನ್ನು ಹಾಗೇ ಬಿಟ್ಟರೆ ಕುದುರೆಗಳು ಧೂಳಿನಿಂದ ಬೇರೆಯಾಗಿ ಎದ್ದು ಬರುತ್ತವೆ. ಪೂರ್ತಿ ಚಿತ್ರವನ್ನು ಸರಿಯಾದ ಅಡಿಬರಹದೊಡನೆ ಮತ್ತೊಮ್ಮೆ ಅಚ್ಚು ಮಾಡಬೇಕೆಂದು ವಿನಂತಿ.

ಟಾಂಗಾ ನೋಡಿ ರೇಖಾಚಿತ್ರ ಬರೆಯುವ ನಮ್ಮ ವಿದ್ಯಾರ್ಥಿಗಳಿಗೂ ಇದರಿಂದ ಕಲಿಯಲು ಇದೆ. ಟಾಂಗಾಕ್ಕೆ ಎರಡೇ ಗಾಲಿ. ಹಾಗಾಗಿ ಭಾರದ ಒಂದು ಪಾಲು ಕುದುರೆಯ ಬೆನ್ನಿಗೆ ಬರುತ್ತದೆ. ಇಳಿಜಾರಿನಲ್ಲಿ ಆ ಪಾಲು ಹೆಚ್ಚುತ್ತದೆ, ಹಿಂದೆ ಕೂತವರು ಕಡಿಮೆಯಾದರೆ ಇನ್ನೂ ಹೆಚ್ಚುತ್ತದೆ. ಬೆನ್ನಿನ ಮೇಲಿನ ಪಟ್ಟಿಯನ್ನು ಗಾಳಿಯಲ್ಲಿ ತೇಲುವಂತೆ ಬರೆಯಬೇಡಿ, ಅದು ಮೈಗೆ ಒತ್ತಿಕೊಂಡಿರಬೇಕು. ಎದುರಿನಿಂದ ಬರೆಯುವಾಗ ಮೊದಲು ಎದೆ ಮತ್ತು ಎರಡು ಮಂಡಿಗಳ ಜಾಗ ಗುರುತು ಮಾಡಿ, ತಲೆಯನ್ನು ಕೊನೆಗೆ ಬರೆಯಿರಿ. ತಲೆಯಿಂದ ಶುರುಮಾಡಿದರೆ ಅದು ದೊಡ್ಡದಾಗಿ, ಕುದುರೆ ಕತ್ತೆಯಂತೆ ಕಾಣುತ್ತದೆ. ಹಿಂಭಾಗದ ಅಗಲ ಎದೆಯ ಎರಡೂ ಪಕ್ಕಕ್ಕೆ ತುಸುವೇ ಇಣುಕಬೇಕು. ಇಳಿಜಾರಿನಲ್ಲಿ ಬರುತ್ತಿರುವ ಗಾಡಿಯಾದರೆ ಎಳೆಪಟ್ಟಿಯನ್ನು ಸಡಿಲವಾಗಿಯೂ, ಕುದುರೆಯ ಹಿಂಭಾಗಕ್ಕೆ ಬಳಸಿದ ಪಟ್ಟಿಯನ್ನು ಬಿಗಿಯಾಗಿಯೂ ಬರೆಯಬೇಕು. ಸಮತಟ್ಟಿನಲ್ಲಿ ಎಳೆಯುತ್ತಿರುವಾಗ ಇದು ತಿರುಗುಮುರುಗಾಗುತ್ತದೆ.

ಇತಿ ತಮ್ಮ ಓದುಗ,
ಚಿತ್ರಕಲಾ ಶಿಕ್ಷಕ,
ಸರಸ್ವತಿಪುರಂ, ಮೈಸೂರು